ಹಿದುಕಿದ ಬೇಳೆಯ ನೆಪದಲ್ಲಿ...

ಡಿಸೆಂಬರ್ ಬಂತೆಂದರೆ ಅಲಾರಂ ಹೊಡೆದುಕೊಂಡರೂ ಹೊದಿಕೆಯಿಂದ ಹೊರಗೆ ಬರಲು ಮನಸ್ಸಾಗುವುದಿಲ್ಲ, ಅಲ್ವಾ? ಕಿಟಕಿಯಾಚೆ ಇನ್ನೂ ಕತ್ತಲು, ಮಂಜು. ಸಂಜೆ ಮಕ್ಕಳು ಸ್ಕೂಲಿನಿಂದ ಬಂದು ಹಾಲು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ನಮ್ಮ ಮೈಸೂರು, ಬೆಂಗಳೂರಿನ ಕಡೆ ಡಿಸೆಂಬರ್ 21-22ರ ಹಗಲು ಜೂನ್ ತಿಂಗಳಿನದ್ದಕ್ಕಿಂತ ಸುಮಾರು ಒಂದೂವರೆ ಗಂಟೆ ಚಿಕ್ಕದು. ನಮ್ಮಂಥ ಗಡಿಬಿಡಿಯವರಿಗೆ ಅದರಿಂದ ಸ್ವಲ್ಪ ಸೋಮಾರಿತನ, ಅಷ್ಟೆ. ಆದರೆ ಮನೆಯಲ್ಲಿ ಒಬ್ಬರೇ ಉಳಿದವರಿಗೆ?

ನಮ್ಮ ಎದುರುಮನೆಯ ಆಂಟಿ ಹೋದ ವರ್ಷ ದೀಪಾವಳಿ ಕಳೆದ ಮೇಲೆ ಗಂಡನನ್ನು ಕಳೆದುಕೊಂಡರು. ಹದಿಮೂರು ದಿನ ಮನೆ ತುಂಬ ಜನ. ಎಲ್ಲ ಮುಗಿಸಿ ಮಗ-ಸೊಸೆ ಪುಣೆಗೆ ಹೊರಟರು. ಅಷ್ಟರಲ್ಲಿ ಧನುರ್ಮಾಸ. ಮದುವೆ ಮುಂಜಿ ಇಲ್ಲದ ತಿಂಗಳಾದ್ದರಿಂದ ಕರೆಯಲಿಕ್ಕೆಂದು ಬಾಗಿಲಿಗೆ ಬರುವವರೂ ಇಲ್ಲ. ಪ್ರತಿ ವರ್ಷ ನಸುಕಿನಲ್ಲೇ ಹುಗ್ಗಿ ಪ್ರಸಾದಕ್ಕೆ ದೇವಸ್ಥಾನಕ್ಕೆ ಹೋಗುತ್ತಿದ್ದವರು ಅದನ್ನೂ ಬಿಟ್ಟರು. ಸಂಜೆ ಆರೂವರೆಯಾದರೂ ಅವರ ಹಾಲಿನಲ್ಲಿ ಲೈಟು ಇರುತ್ತಿರಲಿಲ್ಲ. ನನ್ನ ಅಡುಗೆಮನೆ ಕಿಟಕಿಯಿಂದ ಇದು ದಿನಾ ಕಾಣುತ್ತಿತ್ತು. ಆದರೂ ಹೋಗಲಿಲ್ಲ. ಹೋಗಿ ಏನು ಮಾತಾಡಲಿ? 'ಧೈರ್ಯ ತಗೊಳ್ಳಿ' ಅನ್ನೋಣವೆಂದರೆ ಹದಿಮೂರು ದಿನವೂ ಎಲ್ಲರೂ ಅದನ್ನೇ ಹೇಳಿಯಾಗಿತ್ತು.

ಕೊನೆಗೆ ದಾರಿ ತೋರಿಸಿದ್ದು ಅವರೆಕಾಯಿ! ನಾದಿನಿ ಮನೆಯವರು ಊಟಕ್ಕೆ ಬರುತ್ತಾರೆಂದು ರಾಶಿ ಕಾಳು ನೆನೆಹಾಕಿದ್ದೆ. ಒಬ್ಬಳೇ ಹಿದುಕುತ್ತಾ ಕೂತರೆ ಬೆರಳು ಬಿದ್ದುಹೋಗುತ್ತೆ ಎನ್ನಿಸಿ ಪಾತ್ರೆ ಎತ್ತಿಕೊಂಡು ಹೋಗಿ ಬಾಗಿಲು ತಟ್ಟಿದೆ. "ಆಂಟಿ, ಸ್ವಲ್ಪ ಕೈ ಜೋಡಿಸ್ತೀರಾ?"

ಅವರು ಲೈಟು ಹಾಕಿದರು. "ಇಷ್ಟೊಂದು ನೆನೆಹಾಕಿದ್ದೀಯಲ್ಲೇ ಹುಡುಗಿ" ಎಂದು ಬೈದರು. ಅರ್ಧ ಗಂಟೆ ಮಾತಿಲ್ಲ. ಆಮೇಲೆ ತಲೆ ಎತ್ತದೆ, "ಅವರಿಗೆ ಹಿದುಕಿದ ಬೇಳೆ ಸಾರು ಅಂದ್ರೆ ಪ್ರಾಣ ಕಣೇ. ಈ ಸಲ ಕಾಯಿ ತರೋರೇ ಇಲ್ಲ" ಅಂದರು. ನಾನು ಏನೂ ಹೇಳಲಿಲ್ಲ, ಕಾಳು ಹಿದುಕುತ್ತಲೇ ಇದ್ದೆ. ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಬರುತ್ತೆ, ಬರದಿದ್ದರೂ ಮುಜುಗರವಿಲ್ಲ ನೋಡಿ.

ಅದಕ್ಕೇ ಹೇಳುತ್ತಿದ್ದೇನೆ, ದುಃಖದಲ್ಲಿರುವವರ ಮನೆಗೆ ಸಮಾಧಾನ ಹೊತ್ತುಕೊಂಡು ಹೋಗಬೇಕಾಗಿಲ್ಲ, ಒಂದು ಕೆಲಸ ಹಿಡಿದುಕೊಂಡು ಹೋಗಿ. ಹಪ್ಪಳದ ಅಳತೆ ಕೇಳಿ. ಬೆಳಿಗ್ಗೆ ಬಿಸಿಲೇರಿದ ಮೇಲೆ ತರಕಾರಿಗೆ ಜೊತೆಗೆ ಕರೆದುಕೊಂಡು ಹೋಗಿ, ಆ ಬಿಸಿಲು ಇಬ್ಬರಿಗೂ ಒಳ್ಳೆಯದು. ಆದರೆ ಊಟ, ನಿದ್ದೆ ಎರಡೂ ಬಿಟ್ಟು ಎರಡು ವಾರವಾದರೂ ಮಂಕು ಇಳಿಯದಿದ್ದರೆ, ಬದುಕಿ ಏನಾಗಬೇಕು ಎಂಬ ಮಾತು ಬಂದರಂತೂ ಅದೇ ದಿನ, ವೈದ್ಯರ ಸಹಾಯ ಬೇಕು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಸಂಕ್ರಾಂತಿ ಬಂದಾಗ ಅತ್ತೆ, "ಆ ಮನೆಗೆ ಈ ವರ್ಷ ಹಬ್ಬ ಇಲ್ಲ ಕಣಮ್ಮ, ಎಳ್ಳು ಬೇಡ" ಎಂದರು. ಅವರ ಕಾಲದ ಪದ್ಧತಿ, ತಪ್ಪೆನ್ನಲಾರೆ. ಆದರೆ ಊರಿಗೆಲ್ಲ ಎಳ್ಳು ಬೀರಿ, ಒಳ್ಳೆ ಮಾತಾಡಿ ಅಂತ ಹೇಳಿ, ಎದುರಿನ ಬಾಗಿಲನ್ನು ಮಾತ್ರ ದಾಟಿಕೊಂಡು ಬರುವುದು ಹೇಗೆ? ತಟ್ಟೆಯಲ್ಲಿ ಕುಂಕುಮದ ಬಟ್ಟಲನ್ನೂ ಇಟ್ಟುಕೊಂಡೇ ಹೋದೆ. ತಗೊಳ್ಳುವುದು ಬಿಡುವುದು ಅವರಿಷ್ಟ, ಅದನ್ನು ಮೊದಲೇ ತೀರ್ಮಾನಿಸಲು ನಾನ್ಯಾರು?

ಕುಂಕುಮ ಮುಟ್ಟಲಿಲ್ಲ. ಎಳ್ಳು ಬಾಯಿಗೆ ಹಾಕಿಕೊಂಡು, ಕಣ್ಣೊರೆಸಿಕೊಂಡು, "ಕೊಬ್ಬರಿ ಇನ್ನೂ ಸಣ್ಣಗೆ ಹೆಚ್ಚಬೇಕಿತ್ತು. ಮುಂದಿನ ವರ್ಷ ನಾನೇ ಹೆಚ್ಚಿಕೊಡ್ತೀನಿ ಬಿಡು" ಎಂದರು.

ಮೊನ್ನೆ ಗೇಟಿನ ಹತ್ತಿರ ನಿಲ್ಲಿಸಿ, ಕೊಬ್ಬರಿ ತಂದಾಯಿತಾ ಎಂದು ಕೇಳಿದರು.