ಹೊಟ್ಟೆ ಕಿರಿದಾಯಿತು, ರೂಢಿ?

‘ಡಾಕ್ಟರ್ರ, ಹೊಟ್ಟಿ ಕತ್ತರಿಸಿ ಸಣ್ಣದು ಮಾಡ್ಯಾರ. ಆದ್ರೂ ತೂಕ ಮತ್ತ ಯಾಕ ಏರಾಕತ್ತೇತ್ರಿ?’

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಒಂದೆರಡು ವರ್ಷದ ಮೇಲೆ ಕೇಳುವ ಪ್ರಶ್ನೆ ಇದು. ‘ಸ್ಲೀವ್’ ಎಂಬ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ತಗ್ಗುತ್ತದೆ. ಆದರೆ ನಾಲಿಗೆಯ ರೂಢಿ ಹಾಗೆಯೇ ಉಳಿಯುತ್ತದೆ. ಎರಡು ರೊಟ್ಟಿ ಉಣ್ಣಲಾರದವರಿಗೂ ಸಕ್ಕರೆ ಚಹಾ, ಶರಬತ್ತು, ಐಸ್‌ಕ್ರೀಂ ಸಲೀಸಾಗಿ ಇಳಿಯುತ್ತವೆ. ಸಂಜೆಯೆಲ್ಲ ಗಿರಮಿಟ್ಟು, ಮಿರ್ಚಿ ಮೆಲ್ಲುತ್ತಿದ್ದರೂ ಹೊಟ್ಟೆ ತಡೆಯುವುದಿಲ್ಲ. ಬೇರೆ ಕಾರಣಗಳೂ ಇರಬಹುದು; ಆದರೆ ತೂಕ ಮರಳುವುದು ಬಹುಮಟ್ಟಿಗೆ ಈ ದಾರಿಯಲ್ಲೇ.

ತಪ್ಪು ರೋಗಿಯದೊಂದೇ ಎನ್ನಲಾರೆ. ನಮ್ಮ ಕುಮಾರಪಟ್ಟಣದಲ್ಲಿ ಕಾರ್ಖಾನೆಯ ಪಾಳಿಗೆ ಹೊರಟವರು ಗಬಗಬನೆ ಉಣ್ಣುತ್ತಾರೆ. ಹಬ್ಬ ಬಂದರೆ ‘ಒಂದ ಹೋಳಿಗಿ, ಏನಾಗ್ತೈತಿ’ ಎಂದು ಮನೆಯವರೇ ಒತ್ತಾಯಿಸುತ್ತಾರೆ. ಇದು ಪ್ರೀತಿಯೇ, ಆದರೆ ರೋಗಿಗೆ ಹಿತವಲ್ಲ.

ಊಟದಲ್ಲಿ ಮೊದಲು ಕಾಳಿನ ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ, ರೊಟ್ಟಿ ಆಮೇಲೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು. ನಿಧಾನವಾಗಿ ಅಗಿದು, 20ರಿಂದ 30 ನಿಮಿಷ ಉಣ್ಣಿರಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ವೈದ್ಯರು ಹೇಳಿದಂತೆ ಜೀವನಪೂರ್ತಿ ನುಂಗಬೇಕು. ವಾಂತಿ ನಿಲ್ಲದಿದ್ದರೆ ಶಸ್ತ್ರಚಿಕಿತ್ಸಕರನ್ನು ಕೂಡಲೇ ಕಾಣಿರಿ.

ಶಸ್ತ್ರಚಿಕಿತ್ಸೆ ಒಬ್ಬರಿಗೆ ಆಗಿರುತ್ತದೆ; ಪಥ್ಯ ಮನೆಮಂದಿಗೆಲ್ಲ ಸೇರಿದ್ದು. ‘ಸಾಕು’ ಎಂದವರಿಗೆ ಮತ್ತೆ ಬಡಿಸದಿರುವುದೇ ನೀವು ಮಾಡಬಹುದಾದ ಉಪಕಾರ.