ತೀರಿದ ಸಾಲಕ್ಕೆ ಬಡ್ಡಿಯೇ?

ಬಾಡಿಗೆ ಮನೆ ಕೇಳಿಕೊಂಡು ಬಂದವರು ಹಿಂದೆ ಜೈಲಿನಲ್ಲಿದ್ದರು ಎಂದು ತಿಳಿದರೆ ಹೆಚ್ಚಿನವರು 'ಮನೆ ಖಾಲಿ ಇಲ್ಲ' ಎಂದುಬಿಡುತ್ತಾರೆ. ಪಕ್ಕದಲ್ಲೇ ಹೆಂಗಸರು, ಮಕ್ಕಳು ಇರುವಾಗ ಹೆದರಿಕೆ ಸಹಜ.

ಆದರೆ ಜೈಲು ಕಂಡವರೆಲ್ಲ ಅಪರಾಧಿಗಳಲ್ಲ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ.

ಇನ್ನು ಶಿಕ್ಷೆ ಮುಗಿಸಿ ಬಂದವರ ಮಾತು. ಬ್ಯಾಂಕಿನಲ್ಲಿ ಸಾಲ ತೀರಿದ ಮೇಲೆ ಅಡವಿಟ್ಟ ಪತ್ರಗಳನ್ನು ಹಿಂದಿರುಗಿಸುತ್ತಿದ್ದೆವು. ತೀರಿದ ಸಾಲಕ್ಕೆ ಬಡ್ಡಿ ಕೇಳುತ್ತಿರಲಿಲ್ಲ. ಸೂರಿಲ್ಲದವನಿಗೆ ವಿಳಾಸವಿಲ್ಲ. ವಿಳಾಸವಿಲ್ಲದಿದ್ದರೆ ಕೆಲಸ, ರೇಷನ್ ಕಾರ್ಡು, ಬ್ಯಾಂಕ್ ಖಾತೆ ಎಲ್ಲವೂ ಕಷ್ಟ. ಎಲ್ಲರೂ ಬಾಗಿಲು ಹಾಕಿದರೆ ಅವನಿಗೆ ತೆರೆದಿರುವುದು ಹಳೆಯ ಸಹವಾಸದ ಬಾಗಿಲೊಂದೇ.

ಹಾಗೆಂದು ಕಣ್ಣುಮುಚ್ಚಿ ಬೀಗದಕೈ ಕೊಡಬೇಕೇ? ಬೇಡ. ಬೇರೆ ಕಡೆ ಇದಕ್ಕೊಂದು ಅಳತೆಗೋಲು ಹುಡುಕಿದ್ದಾರೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನಂತೆ, ಮನೆ ಮಾಲೀಕರು ಸಾಮಾನ್ಯವಾಗಿ ಸಣ್ಣ ಅಪರಾಧವಾದರೆ 3 ವರ್ಷ, ದೊಡ್ಡದಾದರೆ 5 ವರ್ಷ ಹಿಂದಕ್ಕೆ ಮಾತ್ರ ನೋಡಬಹುದು. ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿರುವವರಿಗೆ ಈ ರಿಯಾಯಿತಿ ಇಲ್ಲ.

ಮನೆಯುಳ್ಳವರು ಮೂರು ಪ್ರಶ್ನೆ ಕೇಳಲಿ: ಏನು ಮಾಡಿದ್ದೆ? ಯಾವಾಗ? ಆಮೇಲೆ ಹೇಗೆ ಬಾಳಿದೆ? ಉತ್ತರ ಕೇಳಿ ಒಪ್ಪಿಗೆಯಾಗದಿದ್ದರೆ ಬೇಡವೆನ್ನಿ. ಏನನ್ನೂ ಕೇಳದೆ ಬಾಗಿಲು ಹಾಕುವುದು ಮಾತ್ರ, ಲೆಕ್ಕ ನೋಡದೆ ಖಾತೆ ಮುಚ್ಚಿದ ಹಾಗೆ.