ಕೆಎ-17ರ 17ಕ್ಕೆ ಯಾರೂ ಹರಾಜು ಕೂಗಲ್ಲ

ನಮ್ಮ ಪಾರ್ಕಿಂಗ್‌ನಲ್ಲಿ ನಿಂತಿರೋ ಬೈಕುಗಳನ್ನ ನೋಡ್ರಿ. ದಾವಣಗೆರೆಯವರದ್ದಿರಲಿ, ಹರಿಹರದಿಂದ ದಿನಾ ಓಡಾಡೋರದ್ದಿರಲಿ, ಹೆಚ್ಚುಕಮ್ಮಿ ಎಲ್ಲದರ ಮೇಲೂ ಕೆಎ-17. ಅದರ ಮೇಲೆ ಯಾರ ಕಣ್ಣೂ ಬೀಳಲ್ಲ. ಎಲ್ಲರಿಗೂ ಬೇಕಾಗಿರೋದು ಕೊನೆಯ ನಾಲ್ಕು ಅಂಕಿ. ಕೂಡಿದ್ರೆ 9 ಬರಬೇಕು, 8 ಬಂದ್ರೆ ಶನಿ! ಅದಕ್ಕಾಗಿ ಆರ್‌ಟಿಒದಲ್ಲಿ ಹೆಚ್ಚು ದುಡ್ಡು ಕಟ್ಟೋಕೂ ತಯಾರು. ಅಂದಹಾಗೆ 1 ಮತ್ತು 7 ಕೂಡಿದ್ರೂ 8. ಹಾಗಾದ್ರೆ ಇಡೀ ಜಿಲ್ಲೆಗೇ ಶನಿಕಾಟ ಇರಬೇಕಿತ್ತಲ್ಲ?

ಅವರವರ ದುಡ್ಡು, ಅವರವರ ಇಷ್ಟ ಅನ್ನಬಹುದು. ಆದರೆ ಸೆಮಿಸ್ಟರ್‌ಗಟ್ಟಲೆ ಮ್ಯಾಥ್ಸ್ ಓದಿದ ನಾವೂ ಇದನ್ನೇ ನಂಬೋದಾದ್ರೆ ಆ ಓದು ಯಾತಕ್ಕೆ? ಒಂದಂಕಿ ಬರೋವರೆಗೆ ಕೂಡೋದು ಅಂದ್ರೆ 9ರಿಂದ ಭಾಗಿಸಿ ಶೇಷ ತೆಗೆಯೋದು, ಅಷ್ಟೇ. ಶೇಷ ಸೊನ್ನೆ ಬಂದ್ರೆ 9. 1ರಿಂದ 9999ರವರೆಗೆ ಅಂಥ ನಂಬರು ಸರಿಯಾಗಿ 1111 ಇವೆ. ಅದೂ ನಾವು ಹತ್ತರ ಲೆಕ್ಕದಲ್ಲಿ ಬರೀತೀವಿ ಅನ್ನೋ ಕಾರಣಕ್ಕೆ. 4545 ಕೂಡಿದ್ರೆ 18, ಮತ್ತೆ ಕೂಡಿದ್ರೆ 9. ಅದೇ ಸಂಖ್ಯೆ ಬೈನರಿಯಲ್ಲಿ 1000111000001. ಈಗ ಕೂಡಿದ್ರೆ 5. ಬರೆಯೋ ರೀತಿ ಬದಲಾಯ್ತು, ಅದೃಷ್ಟ ಹೋಯ್ತು.

17 ಹಾಗಲ್ಲ. ಬೈನರಿಯಲ್ಲಿ 10001 ಅಂತ ಬರೆದರೂ ಅದು ಅವಿಭಾಜ್ಯ ಸಂಖ್ಯೆಯೇ. ಪಕ್ಕದ ಚಿತ್ರದುರ್ಗದ್ದು 16, ಎರಡರ ನಾಲ್ಕನೇ ಘಾತ. ಒಂದು ಸೇರಿಸಿದ್ರೆ ನಾವು! ಎರಡರ ಘಾತಕ್ಕೆ ಒಂದು ಸೇರಿಸಿ ಸಿಗೋ ಇಂಥ ಬೆಸ ಅವಿಭಾಜ್ಯಗಳು ಇವತ್ತಿನವರೆಗೆ ಗೊತ್ತಿರೋದು ಐದೇ: 3, 5, 17, 257, 65537. 1796ರಲ್ಲಿ ಗೌಸ್, ಆಗಿನ್ನೂ 18ರ ಹುಡುಗ, 17 ಬಾಹುಗಳ ಸಮಬಹುಭುಜವನ್ನು ಬರೀ ಪಟ್ಟಿ-ಕೈವಾರದಲ್ಲಿ ರಚಿಸಬಹುದು ಅಂತ ತೋರಿಸಿದ.

ಮೆಕ್ಯಾನಿಕಲ್‌ನವರಿಗೆ 17 ಇನ್ನೂ ಹತ್ತಿರದ್ದು. 20 ಡಿಗ್ರಿ ಪ್ರೆಶರ್ ಆಂಗಲ್‌ನ ಗೇರಿನಲ್ಲಿ ಅಂಡರ್‌ಕಟ್ ಆಗದಿರೋಕೆ ಎಷ್ಟು ಹಲ್ಲು ಬೇಕು ಅಂದ್ರೆ ಲೆಕ್ಕ 17.1 ಬರುತ್ತೆ, ನಾವು 17 ಅಂತ ಬಾಯಿಪಾಠ ಮಾಡ್ತೀವಿ. ಇದರಲ್ಲಿ 17ರ ಹೆಚ್ಚುಗಾರಿಕೆ ಏನಿಲ್ಲ, ಅದು 20 ಡಿಗ್ರಿ ಆರಿಸಿಕೊಂಡದ್ದರ ಫಲ. ಅವಿಭಾಜ್ಯ ಅನ್ನೋ ಗುಣ ಕೆಲಸಕ್ಕೆ ಬರೋದು ಗೇರು ಜೋಡಿಸಿದ ಮೇಲೆ. 17 ಹಲ್ಲಿನ ಪಿನಿಯನ್‌ಗೆ 51 ಹಲ್ಲಿನ ಗೇರು ಕೊಟ್ರೆ ಪಿನಿಯನ್ನಿನ ಒಂದು ಹಲ್ಲಿಗೆ ಯಾವಾಗಲೂ ಅದೇ ಮೂರು ಹಲ್ಲು ಸಿಗ್ತವೆ. ಆ ಒಂದು ಹಲ್ಲು ಕೆಟ್ಟಿದ್ರೆ ಏಟು ಆ ಮೂರಕ್ಕೇ. 52 ಹಲ್ಲಿನದು ಕೊಟ್ಟು ನೋಡ್ರಿ, ಪ್ರತಿ ಹಲ್ಲಿಗೂ ಪ್ರತಿ ಹಲ್ಲು ಸಿಕ್ಕಿ ಸವೆತ ಹಂಚಿಹೋಗುತ್ತೆ. 17ರ ಮಗ್ಗಿಯಲ್ಲಿ ಬರದ ಯಾವ ಸಂಖ್ಯೆ ಆದ್ರೂ ನಡೆಯುತ್ತೆ. 16 ಹಲ್ಲಿನ ಪಿನಿಯನ್ ಆಗಿದ್ರೆ ಸಮಸಂಖ್ಯೆಗಳನ್ನೆಲ್ಲ ಬಿಡಬೇಕಿತ್ತು.

1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಿಂದಾಗಿ ಲೇತ್ ಅಂದ್ರೆ ಹರಿಹರ ಅನ್ನೋ ಕಾಲ ಇತ್ತು. ಅಲ್ಲಿ ದುಡಿದ ಹಿರಿಯರು ನಿಮ್ಮ ಓಣಿಯಲ್ಲಿದ್ರೆ 17 ಹಲ್ಲಿನ ಗೇರು ಹೆಂಗೆ ಕಡೀತಿದ್ರಿ ಅಂತ ಕೇಳ್ರಿ. ನಮ್ಮ ವರ್ಕ್‌ಶಾಪಿನ ಡಿವೈಡಿಂಗ್ ಹೆಡ್‌ನಲ್ಲಿ ಹಿಡಿ 40 ಸುತ್ತು ತಿರುಗಿಸಿದ್ರೆ ಜಾಬ್ ಒಂದು ಸುತ್ತು. 40ನ್ನು 17ರಿಂದ ಭಾಗಿಸಿದ್ರೆ ಎರಡು ಪೂರ್ತಿ ಸುತ್ತು, ಮೇಲೆ ಹದಿನೇಳರಲ್ಲಿ ಆರು ಭಾಗ. ಈ ಭಿನ್ನರಾಶಿಯನ್ನು ಇನ್ನು ಸಣ್ಣದು ಮಾಡೋಕಾಗಲ್ಲ. ಅದಕ್ಕೇ ಇಂಡೆಕ್ಸ್ ಪ್ಲೇಟಿನಲ್ಲಿ 17 ತೂತಿನ ಸಾಲು, ಇಲ್ಲಾ 17ರ ಮಗ್ಗಿಯಲ್ಲಿ ಬರೋ ಸಾಲೇ ಬೇಕು. 16 ತೂತಿನ ಸಾಲಲ್ಲಿ ತಿಪ್ಪರಲಾಗ ಹಾಕಿದ್ರೂ ಆಗಲ್ಲ. ಮುಂದಿನ ಲ್ಯಾಬ್‌ನಲ್ಲಿ ಒಮ್ಮೆ ಮಾಡಿ ನೋಡ್ರಿ: ಎರಡು ಸುತ್ತು, ಆರು ತೂತು. ಒಂದು ತೂತು ತಪ್ಪಿದ್ರೂ ಬ್ಲ್ಯಾಂಕ್ ಗುಜರಿಗೆ.